ಎರಡು ದಿನದ ಡೋಪಮೈನ್ ಡಿಟಾಕ್ಸ್‌ಗೆ ಚಟ ಯಾಕೆ ಬಗ್ಗುವುದಿಲ್ಲ

“ಶನಿವಾರ ಬೆಳಿಗ್ಗೆಯಿಂದ ಭಾನುವಾರ ರಾತ್ರಿವರೆಗೆ ಫೋನ್ ಮುಟ್ಟಬೇಡಿ. ಸಿಹಿ ತಿನ್ನಬೇಡಿ, ಹಾಡು ಕೇಳಬೇಡಿ. ಸೋಮವಾರ ಎದ್ದಾಗ ಮೆದುಳು ರೀಸೆಟ್ ಆಗಿರುತ್ತದೆ.” ಈ ಧಾಟಿಯ ವಿಡಿಯೋಗಳಿಗೆ ಯೂಟ್ಯೂಬ್‌ನಲ್ಲಿ ಬರವಿಲ್ಲ. ಇದಕ್ಕೆ ಡೋಪಮೈನ್ ಡಿಟಾಕ್ಸ್ ಅಂತ ಹೆಸರು. ಎರಡು ದಿನ ಫೋನ್ ಬದಿಗಿಟ್ಟರೆ ನಷ್ಟವೇನಿಲ್ಲ ಬಿಡಿ, ನಿದ್ದೆಯಾದರೂ ನೆಟ್ಟಗೆ ಬರುತ್ತದೆ. ಆದರೆ ಅದರ ಹಿಂದಿನ ಲೆಕ್ಕ ತಪ್ಪು. ಡೋಪಮೈನ್ ಮೈಯಲ್ಲಿ ಸೇರಿಕೊಂಡ ಕೊಳೆಯಲ್ಲ, ತೊಳೆದು ಹಾಕುವುದಕ್ಕೆ. ಅದು ಕಲಿಸುವ ರಾಸಾಯನಿಕ. ಅದು ಕಲಿಸಿದ್ದನ್ನು ನರಕೋಶಗಳು ತಮ್ಮ ಜೀನ್‌ಗಳ ಮಟ್ಟದವರೆಗೂ ಇಳಿಸಿಕೊಂಡು ಇಟ್ಟುಕೊಳ್ಳುತ್ತವೆ. ಚಟದ ಗಂಟು ಇರುವುದು ಅಲ್ಲಿ, ಆ ನೆನಪಿನಲ್ಲಿ.

ಇದು ಬರೀ ಲ್ಯಾಬಿನೊಳಗಿನ ಮಾತಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ತಂದಿತು. ಕರ್ನಾಟಕ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಇಂಥದ್ದೇ ಪ್ರಯತ್ನ ಮಾಡಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೋರ್ಟುಗಳಲ್ಲಿ ವಾದ ನಡೆದದ್ದು ಬಹುಪಾಲು ಒಂದೇ ಪ್ರಶ್ನೆಯ ಸುತ್ತ: ರಮ್ಮಿಯಂಥದ್ದು ಕೌಶಲದ ಆಟವೋ, ಅದೃಷ್ಟದ ಆಟವೋ? ಕಾನೂನಿಗೆ ಆ ಪ್ರಶ್ನೆ ಬೇಕೇ ಬೇಕು, ನಿಜ. ಮೆದುಳಿಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ಅದು ನೋಡುವುದು ಒಂದನ್ನೇ: ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಿಕ್ಕಿತಾ, ಕಡಿಮೆ ಸಿಕ್ಕಿತಾ?

ಖುಷಿಯ ರಾಸಾಯನಿಕ ಅನ್ನುವ ಹಳೆಯ ತಪ್ಪು

ಡೋಪಮೈನ್ ಅಂದರೆ ಖುಷಿ ಅನ್ನುವ ನಂಬಿಕೆಗೆ ಒಂದು ಇತಿಹಾಸ ಇದೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮೆದುಳಿಗೆ ತಂತಿ ಇಳಿಸಿದರು. ಇಲಿ ಒಂದು ಸನ್ನೆಕೋಲು ಒತ್ತಿದರೆ ತನ್ನ ಮೆದುಳಿಗೆ ತಾನೇ ಸಣ್ಣ ವಿದ್ಯುತ್ ಕೊಟ್ಟುಕೊಳ್ಳಬಹುದಿತ್ತು. ತಂತಿ ಕೆಲವು ಜಾಗಗಳಲ್ಲಿದ್ದಾಗ ಇಲಿಗಳು ಒತ್ತಿದ್ದೇ ಒತ್ತಿದ್ದು. ಮುಂದಿನ ಪ್ರಯೋಗಗಳಲ್ಲಿ ಗಂಟೆಗೆ ಸಾವಿರಾರು ಸಲ ಒತ್ತಿದ ಇಲಿಗಳೂ ಇದ್ದವು. ಇವು ಸುಖದ ಕೇಂದ್ರಗಳು ಅಂತ ಓಲ್ಡ್ಸ್ ಕರೆದರು. ಆ ನರಗಳ ಜಾಲದಲ್ಲಿ ಡೋಪಮೈನ್ ಓಡಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಎರಡನ್ನೂ ಕೂಡಿಸಿ ಡೋಪಮೈನ್ ಅಂದರೆ ಸುಖ ಅಂದುಬಿಟ್ಟರು.

ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಈ ಜೋಡಣೆಯನ್ನು ಬಿಡಿಸಿದರು. ಅವರ ಇಲಿಗಳ ಮೆದುಳಿನಿಂದ ಡೋಪಮೈನನ್ನು ಹೆಚ್ಚುಕಡಿಮೆ ಪೂರ್ತಿ ಇಲ್ಲದಂತೆ ಮಾಡಲಾಗಿತ್ತು. ಅವು ತಾವಾಗಿ ಹೋಗಿ ತಿನ್ನುತ್ತಿರಲಿಲ್ಲ; ಎದುರಿಗೆ ಆಹಾರ ಇದ್ದರೂ ಉಪವಾಸ ಬೀಳುವ ಸ್ಥಿತಿ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಮಾಮೂಲಿ ಇಲಿಗಳ ಹಾಗೆಯೇ ತುಟಿ ಚಪ್ಪರಿಸುತ್ತಿದ್ದವು. ರುಚಿಯ ಖುಷಿ ಹಾಗೇ ಇತ್ತು. ಹೋಗಿ ತರಬೇಕು ಅನ್ನುವ ಸೆಳೆತ ಮಾತ್ರ ಸತ್ತಿತ್ತು. ಬೇಕು ಅನಿಸುವುದೂ ಇಷ್ಟವಾಗುವುದೂ ಬೇರೆ ಬೇರೆ. ಚಟಕ್ಕೆ ಬಿದ್ದವರನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸ ವಿಷಯವೇನಲ್ಲ. ಮಜಾ ಹೋಗಿ ಎಷ್ಟೋ ವರ್ಷವಾಗಿರುತ್ತದೆ, ಕೈ ಮಾತ್ರ ಅತ್ತ ಹೋಗುತ್ತಲೇ ಇರುತ್ತದೆ.

ಹಾಗಾದರೆ ಡೋಪಮೈನ್ ಮಾಡುವ ಕೆಲಸವಾದರೂ ಏನು? ಇದಕ್ಕೆ ಇದುವರೆಗಿನ ಒಳ್ಳೆಯ ಉತ್ತರ ಸಿಕ್ಕಿದ್ದು ಕೋತಿಗಳಿಂದ. ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್‌ನಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಕೋತಿಗಳ ನಡುಮೆದುಳಿಗೆ ಎಲೆಕ್ಟ್ರೋಡ್ ಇಳಿಸಿ ಒಂದೊಂದೇ ಡೋಪಮೈನ್ ಕೋಶದ ಮಿಡಿತವನ್ನು ಕೇಳಿಸಿಕೊಂಡರು. ಕೋತಿ ಸುಮ್ಮನೆ ಕೂತಿದೆ. ಕೋಶ ಸೆಕೆಂಡಿಗೆ ನಾಲ್ಕೈದು ಸಲ ಮಿಡಿಯುತ್ತಿದೆ. ಏನೂ ಸೂಚನೆ ಇಲ್ಲದೆ ಬಾಯಿಗೆ ಒಂದು ಹನಿ ಹಣ್ಣಿನ ರಸ ಬೀಳುತ್ತದೆ. ಕೋಶ ಪಟಪಟ ಮಿಡಿದು ಸುಮ್ಮನಾಗುತ್ತದೆ. ಈಗ ರಸಕ್ಕೆ ತುಸು ಮೊದಲು ಒಂದು ದೀಪ ಹತ್ತಿಸಲು ಶುರು ಮಾಡುತ್ತಾರೆ. ದೀಪ, ರಸ. ದೀಪ, ರಸ. ಹೀಗೆ ತುಂಬಾ ಸಲ ಆದ ಮೇಲೆ ಕೋಶ ರಸಕ್ಕೆ ಮಿಡಿಯುವುದನ್ನೇ ನಿಲ್ಲಿಸುತ್ತದೆ. ದೀಪಕ್ಕೆ ಮಿಡಿಯುತ್ತದೆ. ರಸ ಅದೇ, ರುಚಿಯೂ ಅದೇ. ಆದರೆ ಅದರಲ್ಲಿ ಹೊಸ ಸುದ್ದಿ ಇಲ್ಲ. ಇನ್ನೊಂದು ದಿನ ದೀಪ ಹತ್ತಿಸಿ ರಸ ಕೊಡುವುದಿಲ್ಲ. ರಸ ಬರಬೇಕಾಗಿದ್ದ ಸರಿಯಾದ ಕ್ಷಣಕ್ಕೆ ಕೋಶದ ಮಿಡಿತ ಕುಸಿಯುತ್ತದೆ.

ಅಂದರೆ ಕೋಶ ಹೇಳುತ್ತಿರುವುದು ಸಿಕ್ಕಿದ್ದು ಎಷ್ಟು ಅಂತ ಅಲ್ಲ. ಅಂದಾಜಿಗೂ ಸಿಕ್ಕಿದ್ದಕ್ಕೂ ವ್ಯತ್ಯಾಸ ಎಷ್ಟು ಅಂತ. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಗಣಿತದ ಭಾಷೆಯಲ್ಲಿ ಬರೆದರು. ತಮಾಷೆ ಅಂದರೆ ಆ ಗಣಿತ ಬಂದದ್ದು ಕಂಪ್ಯೂಟರ್ ವಿಜ್ಞಾನದಿಂದ. ಯಂತ್ರಗಳಿಗೆ ಪ್ರಯತ್ನ ಮತ್ತು ತಪ್ಪುಗಳ ಮೂಲಕ ಕಲಿಸಲು ರಿಚರ್ಡ್ ಸಟನ್ ಮತ್ತು ಆಂಡ್ರ್ಯೂ ಬಾರ್ಟೊ ಕಟ್ಟಿದ ಲೆಕ್ಕ ಅದು. ಅವರಿಬ್ಬರಿಗೂ 2024ರ ಟ್ಯೂರಿಂಗ್ ಪ್ರಶಸ್ತಿ ಬಂತು. ಕೋತಿಯ ಮೆದುಳು ಅದೇ ಲೆಕ್ಕವನ್ನು ಯಾರೂ ಹೇಳಿಕೊಡದೆ ಮಾಡುತ್ತಿತ್ತು.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ನಡುಮೆದುಳಿನ ಡೋಪಮೈನ್ ಕೋಶಗಳು ಕೆಲವೇ ಲಕ್ಷ. ಆದರೆ ಒಂದೊಂದರ ಎಳೆಗಳೂ ಮೆದುಳಿನ ದೊಡ್ಡ ದೊಡ್ಡ ಪ್ರದೇಶಗಳಿಗೆ ಚಾಚಿಕೊಂಡಿವೆ. “ಈಗ ಆದದ್ದನ್ನು ಗಮನಿಸಿ” ಅನ್ನುವ ಸುದ್ದಿ ಒಮ್ಮೆಗೇ ಎಲ್ಲ ಕಡೆ ಹೋಗುತ್ತದೆ.

ಕಣ್ಣೆವೆಯಿಕ್ಕುವ ಹೊತ್ತಿನಿಂದ ವಾರಗಳವರೆಗೆ

ಡೋಪಮೈನಿನ ಒಂದು ಮಿಡಿತ ಇರುವುದು ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು. ಚಟ ಇರುವುದು ವರ್ಷಗಟ್ಟಲೆ. ಅಷ್ಟು ಚಿಕ್ಕದು ಇಷ್ಟು ದೀರ್ಘ ಹೇಗಾಗುತ್ತದೆ? ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಇದೇ ಪ್ರಶ್ನೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೆದುಳಿನ ಆಳದಲ್ಲಿ ನ್ಯೂಕ್ಲಿಯಸ್ ಅಕಂಬೆನ್ಸ್ ಅನ್ನುವ ಪುಟ್ಟ ಭಾಗವಿದೆ. ಅದರ ಒಂದು ಕೋಶವನ್ನು ತೆಗೆದುಕೊಳ್ಳಿ. ಆ ಕೋಶದ ಕೊಂಬೆಗಳ ಮೇಲೆ ಸಾವಿರಾರು ಸಣ್ಣ ಮೊಗ್ಗುಗಳಿರುತ್ತವೆ. ಬೇರೆ ಕೋಶಗಳ ಸಂದೇಶ ಬಂದು ಮುಟ್ಟುವುದು ಆ ಮೊಗ್ಗುಗಳಿಗೆ. ಸಂದೇಶ ಬಂದ ಬೆನ್ನಲ್ಲೇ ಡೋಪಮೈನ್ ಬಂದರೆ ಮೊಗ್ಗು ದಪ್ಪವಾಗುತ್ತದೆ, ಸಂಪರ್ಕ ಗಟ್ಟಿಯಾಗುತ್ತದೆ. ಇಲ್ಲಿ ಸಮಯ ಬಹಳ ಮುಖ್ಯ. ಜಪಾನಿನ ವಿಜ್ಞಾನಿಗಳು 2014ರಲ್ಲಿ ಇಲಿಗಳ ಕೋಶಗಳಲ್ಲಿ ಇದನ್ನು ಅಳೆದು ತೋರಿಸಿದರು. ಸಂದೇಶ ಬಂದ 0.3 ಸೆಕೆಂಡಿನಿಂದ 2 ಸೆಕೆಂಡಿನೊಳಗೆ ಡೋಪಮೈನ್ ಬರಬೇಕು. ಅದಕ್ಕಿಂತ ಮೊದಲು ಬಂದರೂ ಇಲ್ಲ, ತಡವಾದರೂ ಇಲ್ಲ. ರೀಲ್ಸ್ ಮೇಲೆ ಬೆರಳು ಸರಿದ ತಕ್ಷಣ ಮುಂದಿನ ವಿಡಿಯೋ ಶುರುವಾಗುತ್ತದೆ, ರಮ್ಮಿ ಆ್ಯಪಿನಲ್ಲಿ ಕಾರ್ಡ್ ತಕ್ಷಣ ತಿರುಗುತ್ತದೆ. ಎರಡೂ ಈ ಕಿಂಡಿಯೊಳಗೇ ಬರುತ್ತವೆ. ಮೂರು ತಿಂಗಳ ನಂತರ ಬರುವ ಪರೀಕ್ಷೆ ಫಲಿತಾಂಶ ಬರುವುದಿಲ್ಲ. ಮಕ್ಕಳಿಗೆ ಓದಿಗಿಂತ ಫೋನ್ ಯಾಕೆ ಸೆಳೆಯುತ್ತದೆ ಅನ್ನುವುದಕ್ಕೆ ಇದೊಂದೇ ಕಾರಣ ಅಲ್ಲ, ಆದರೆ ಸಣ್ಣ ಕಾರಣವೂ ಅಲ್ಲ.

ಮೊಗ್ಗು ದಪ್ಪಗಾಯಿತು ಸರಿ. ಹಾಗೇ ಉಳಿಯಬೇಕಾದರೆ ಹೊಸ ಪ್ರೋಟೀನ್ ಬೇಕು. ಪ್ರೋಟೀನ್ ಬೇಕಾದರೆ ಜೀನ್ ಚಾಲೂ ಆಗಬೇಕು. ಡೋಪಮೈನ್ ಈ ಕೋಶದ ಒಳಗೆ ಹೋಗುವುದಿಲ್ಲ. ಸಂದೇಶ ಹಿಡಿಯಲೆಂದು ಕೋಶದ ಹೊರಮೈಯಲ್ಲಿರುವ ರಿಸೆಪ್ಟರ್‌ಗೆ ಅಂಟುತ್ತದೆ, ಅಷ್ಟೇ. ಡಿ1 ಅನ್ನುವ ಬಗೆಯ ರಿಸೆಪ್ಟರ್ ಆದರೆ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಅಣು ಜಾಸ್ತಿಯಾಗುತ್ತದೆ. ಡಿ2 ಆದರೆ ಕಡಿಮೆಯಾಗುತ್ತದೆ. ಜಾಸ್ತಿಯಾದರೆ ಒಂದು ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಕೋಶದ ನಡುವಿನ ಕೇಂದ್ರಕ್ಕೆ ಹೋಗಿ ಕ್ರೆಬ್ ಅನ್ನುವ ಪ್ರೋಟೀನಿಗೆ ಒಂದು ಫಾಸ್ಫೇಟ್ ತಗುಲಿಸುತ್ತದೆ. ಕ್ರೆಬ್ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಫಾಸ್‌ನಂಥ ಜೀನ್‌ಗಳ ಪ್ರತಿಗಳು ಕೋಶದಲ್ಲಿ ತುಂಬಿರುತ್ತವೆ. ಒಂದೆರಡು ಗಂಟೆಗೆ ಅವುಗಳ ಪ್ರೋಟೀನ್ ಸಿದ್ಧ. ಇವು ಮತ್ತೆ ಬೇರೆ ಜೀನ್‌ಗಳನ್ನು ಎಬ್ಬಿಸುತ್ತವೆ. ಈ ಸರಪಳಿಯ ಕೊಂಡಿಗಳನ್ನು ಹುಡುಕಿದ್ದಕ್ಕೇ 2000ದ ನೊಬೆಲ್ ಸಿಕ್ಕಿದ್ದು. ಮೆದುಳಿನಲ್ಲಿ ಡೋಪಮೈನಿಗೆ ತನ್ನದೇ ಕೆಲಸವಿದೆ ಅಂತ ತೋರಿಸಿದವರು ಅರ್ವಿಡ್ ಕಾರ್ಲ್‌ಸನ್. ಕೋಶದೊಳಗಿನ ಫಾಸ್ಫೇಟ್ ಆಟವನ್ನು ಬಿಡಿಸಿದವರು ಪಾಲ್ ಗ್ರೀನ್‌ಗಾರ್ಡ್. ನೆನಪಿಗೂ ಜೀನ್‌ಗೂ ಇರುವ ನಂಟನ್ನು ಒಂದು ಕಡಲ ಬಸವನಹುಳುವಿನಲ್ಲಿ ಹಿಡಿದು ತೋರಿಸಿದವರು ಎರಿಕ್ ಕ್ಯಾಂಡೆಲ್.

ಫಾಸ್ ಬೇಗ ಬಂದು ಬೇಗ ಹೋಗುತ್ತದೆ. ಆದರೆ ಅದೇ ಕುಟುಂಬದ ಡೆಲ್ಟಾ-ಫಾಸ್‌ಬಿ ಅನ್ನುವುದು ಹಟಮಾರಿ. ಕೊಕೇನ್ ಮತ್ತೆ ಮತ್ತೆ ಸಿಕ್ಕಿದ ಇಲಿಗಳಲ್ಲಿ ಅದು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಕೊಕೇನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ಕೋಶದಲ್ಲೇ ಇರುತ್ತದೆ ಅಂತ ಎರಿಕ್ ನೆಸ್ಲರ್ ತಂಡ ತೋರಿಸಿದೆ. ಎರಡು ದಿನದ ಉಪವಾಸಕ್ಕೆ ಇದು ಹೊರಟುಹೋಗುತ್ತದೆ ಅಂದುಕೊಳ್ಳಲು ಯಾವ ಕಾರಣವೂ ಇಲ್ಲ.

ಇನ್ನೂ ಆಳಕ್ಕೆ ಹೋದರೆ ಡಿಎನ್‌ಎ ಸಿಗುತ್ತದೆ. ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಹಿಸ್ಟೋನ್ ಅನ್ನುವ ಪ್ರೋಟೀನ್‌ಗಳ ಸುತ್ತ ರೀಲಿಗೆ ಸುತ್ತಿದ ದಾರದ ಹಾಗೆ ಸುತ್ತಿಕೊಂಡಿದೆ. ಸುತ್ತು ಬಿಗಿಯಾಗಿದ್ದರೆ ಅಲ್ಲಿನ ಜೀನ್ ಓದುವುದಕ್ಕೆ ಸಿಗುವುದಿಲ್ಲ. ಸಡಿಲವಾದರೆ ಸಿಗುತ್ತದೆ. ಬಿಗಿ ಮಾಡುವುದಕ್ಕೂ ಸಡಿಲಿಸುವುದಕ್ಕೂ ಕೋಶದ ಬಳಿ ರಾಸಾಯನಿಕ ಗುರುತುಗಳಿವೆ. ಹಿಸ್ಟೋನಿಗೆ ಅಸಿಟೈಲ್ ಅಂಟಿದರೆ ಸಾಮಾನ್ಯವಾಗಿ ಸಡಿಲ. ಡಿಎನ್‌ಎಗೇ ಮಿಥೈಲ್ ಅಂಟಿದರೆ ಸಾಮಾನ್ಯವಾಗಿ ಜೀನ್ ಸುಮ್ಮನಾಗುತ್ತದೆ. ಜೀನ್‌ನ ಅಕ್ಷರ ಒಂದೂ ಬದಲಾಗುವುದಿಲ್ಲ. ಯಾವುದನ್ನು ಓದಬೇಕು ಅನ್ನುವುದು ಬದಲಾಗುತ್ತದೆ.

ಕಲಿಕೆಗೆ ಈ ಗುರುತುಗಳು ನಿಜಕ್ಕೂ ಬೇಕಾ? 2013ರಲ್ಲಿ ಜೆರೆಮಿ ಡೇ ಮತ್ತು ಡೇವಿಡ್ ಸ್ವೆಟ್ ತಂಡ ಇಲಿಗಳಿಗೆ ಒಂದು ಸಂಕೇತ ಬಂದರೆ ಸಕ್ಕರೆ ಗುಳಿಗೆ ಸಿಗುತ್ತದೆ ಅಂತ ಕಲಿಸಿತು. ಕಲಿಯುತ್ತಿದ್ದ ಹಾಗೆ ಡೋಪಮೈನ್ ಕೋಶಗಳಿರುವ ಜಾಗದಲ್ಲಿ ಕೆಲವು ಜೀನ್‌ಗಳ ಕೆಲಸ ಏರಿತು. ಎಷ್ಟು ಚೆನ್ನಾಗಿ ಕಲಿತವೋ ಅಷ್ಟು ಏರಿತ್ತು. ಆ ಜಾಗದಲ್ಲಿ ಮಿಥೈಲ್ ಅಂಟುವುದನ್ನು ಔಷಧಿಯಿಂದ ತಡೆದಾಗ ಇಲಿಗಳು ಆ ನಂಟನ್ನು ಕಲಿಯಲಿಲ್ಲ. ಸಕ್ಕರೆ ಇತ್ತು, ಸಂಕೇತವೂ ಇತ್ತು. ಎರಡನ್ನೂ ಕಟ್ಟುವ ಗಂಟು ಬೀಳಲಿಲ್ಲ.

2020ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್‌ನ ಇಯಾನ್ ಮೇಜ್ ತಂಡ ಇನ್ನೊಂದು ವಿಚಿತ್ರವನ್ನು ಹೊರಗೆ ಹಾಕಿತು. ಡೋಪಮೈನ್ ಹೊರಗಿನಿಂದ ಸುದ್ದಿ ಮುಟ್ಟಿಸುವುದು ಮಾತ್ರವಲ್ಲ, ಅದನ್ನು ತಯಾರಿಸುವ ಕೋಶಗಳ ಒಳಗೆ ತಾನೇ ಹಿಸ್ಟೋನಿಗೆ ಹೋಗಿ ಅಂಟಿಕೊಳ್ಳುತ್ತದಂತೆ. ಕೊಕೇನ್ ಅಭ್ಯಾಸವಾದ ಇಲಿಗಳಿಗೆ ಅದನ್ನು ನಿಲ್ಲಿಸಿದ ಮೇಲೆ, ವಾರಗಳು ಕಳೆದಂತೆ, ಈ ಗುರುತು ಜಾಸ್ತಿಯಾಗಿತ್ತು. ಅದನ್ನು ತಗ್ಗಿಸಿದಾಗ ಇಲಿಗಳ ಕೊಕೇನ್ ಹುಡುಕಾಟವೂ ತಗ್ಗಿತು. ಗಮನಿಸಿ, ಗುರುತು ಏರಿದ್ದು ಸೇವಿಸುತ್ತಿದ್ದಾಗ ಅಲ್ಲ, ಬಿಟ್ಟ ಮೇಲೆ.

ಒಂದು ಚಟ ಇನ್ನೊಂದಕ್ಕೆ ಬಾಗಿಲು ತೆಗೆಯುವುದೂ ಈ ಹಾದಿಯಲ್ಲೇ. ಕ್ಯಾಂಡೆಲ್ ದಂಪತಿ ಮತ್ತು ಅಮೀರ್ ಲೆವಿನ್ 2011ರಲ್ಲಿ ಇಲಿಗಳಿಗೆ ಏಳು ದಿನ ನಿಕೋಟಿನ್ ನೀರು ಕುಡಿಸಿ ಆಮೇಲೆ ಕೊಕೇನ್ ಕೊಟ್ಟರು. ಕೊಕೇನ್ ಪರಿಣಾಮ ಜಾಸ್ತಿಯಾಯಿತು. ಮೊದಲು ಕೊಕೇನ್, ಆಮೇಲೆ ನಿಕೋಟಿನ್ ಕೊಟ್ಟರೆ ಹಾಗಾಗಲಿಲ್ಲ. ನಿಕೋಟಿನ್ ಆ ದಾರದ ಸುತ್ತನ್ನು ಮೊದಲೇ ಸಡಿಲಿಸಿಟ್ಟಿತ್ತು. ಕರ್ನಾಟಕ 2025ರಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ್ದು ಕ್ಯಾನ್ಸರ್, ಹೃದಯದ ಮಾತನ್ನು ಮುಂದಿಟ್ಟುಕೊಂಡೇ ಇರಬಹುದು. ನನ್ನ ಮಟ್ಟಿಗೆ ಈ ಇಲಿಗಳೂ ಅದರ ಪರವಾಗಿ ಸಾಕ್ಷಿ ಹೇಳುತ್ತವೆ.

ಇದೆಲ್ಲ ಇಲಿಗಳಲ್ಲಿ, ಅದೂ ಬಹುಪಾಲು ಕೊಕೇನ್‌ನಲ್ಲಿ ಕಂಡದ್ದು. ಕೊಕೇನ್ ಡೋಪಮೈನನ್ನು ನೇರವಾಗಿ ಏರಿಸುತ್ತದೆ. ರೀಲ್ಸ್ ಹಾಗೆ ಮಾಡುವುದಿಲ್ಲ. “ಮೊಬೈಲ್ ಅಂದರೆ ಕೊಕೇನ್” ಅನ್ನುವ ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಬೇಡಿ. ದಾರಿ ಒಂದೇ, ಓಡುವ ವೇಗ ಬೇರೆ.

ಅರ್ಧ ಸಾಧ್ಯತೆಯ ಮಜಾ

ಈಗ ಹಣದ ಆಟಗಳಿಗೆ ಬರೋಣ. 2003ರಲ್ಲಿ ಶುಲ್ಟ್ಸ್ ತಂಡ ರಸ ಸಿಗುವ ಸಾಧ್ಯತೆಯನ್ನೇ ಬದಲಿಸಿ ನೋಡಿತು. ಖಂಡಿತ ಸಿಗುತ್ತದೆ ಅಥವಾ ಖಂಡಿತ ಸಿಗುವುದಿಲ್ಲ ಅಂತ ಗೊತ್ತಿದ್ದಾಗ ಕಾಯುವ ಹೊತ್ತಿನಲ್ಲಿ ಡೋಪಮೈನ್ ಕೋಶಗಳು ತಣ್ಣಗಿದ್ದವು. ಸಿಗಬಹುದು, ಸಿಗದೆಯೂ ಇರಬಹುದು, ಎರಡಕ್ಕೂ ಅರ್ಧರ್ಧ ಸಾಧ್ಯತೆ ಅನ್ನುವಾಗ ಅವುಗಳ ಮಿಡಿತ ಕಾಯುವಷ್ಟು ಹೊತ್ತೂ ಏರುತ್ತಲೇ ಇತ್ತು. ಜೂಜಿನ ವ್ಯಾಪಾರ ನಿಂತಿರುವುದು ಈ ಏರಿಕೆಯ ಮೇಲೆ.

ಕೂದಲೆಳೆಯಲ್ಲಿ ಸೋಲುವುದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಮೂರರಲ್ಲಿ ಎರಡು ಚಿತ್ರ ಕೂಡಿ ಮೂರನೆಯದು ಒಂದೇ ಮನೆ ದಾಟಿ ನಿಂತಿತು. ಲೆಕ್ಕದಲ್ಲಿ ಅದು ಸೋಲೇ. 2009ರಲ್ಲಿ ಕೇಂಬ್ರಿಜ್‌ನ ಲೂಕ್ ಕ್ಲಾರ್ಕ್ ತಂಡ ಸ್ಲಾಟ್ ಮೆಷಿನ್‌ನಂಥ ಆಟ ಆಡುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಗೆದ್ದಾಗ ಬೆಳಗುವ ಭಾಗಗಳು ಹೀಗೆ ಸೋತಾಗಲೂ ಬೆಳಗಿದ್ದವು. ಆಡುವವರಿಗೆ ಬೇಸರವಾಗುತ್ತಿತ್ತು, ಜೊತೆಗೆ ಇನ್ನೊಂದು ಆಟ ಆಡಬೇಕು ಅಂತಲೂ ಅನಿಸುತ್ತಿತ್ತು. “ಕೊನೇ ಓವರ್‌ನಲ್ಲಿ ನನ್ನ ಟೀಮಿನವನು ಔಟಾದ, ಇಲ್ಲದಿದ್ರೆ ಹೊಡೆದಿದ್ದೆ” ಅನ್ನುವ ಮಾತು ಐಪಿಎಲ್ ಸಮಯದಲ್ಲಿ ಟೀ ಅಂಗಡಿಗಳಲ್ಲಿ ಎಷ್ಟು ಕೇಳಿಲ್ಲ ನಾವು, ಅಲ್ವಾ?

ರಾಸಾಯನಿಕದ ಪಾತ್ರವನ್ನು ಬಿಡಿಸಿ ತೋರಿಸುವ ಇನ್ನೊಂದು ಸಾಕ್ಷಿ ಆಸ್ಪತ್ರೆಗಳಿಂದ ಬಂತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ಕೋಶಗಳು ಸಾಯುತ್ತವೆ. ಎಲ್-ಡೋಪಾ ಕೊಟ್ಟು ಆ ಕೊರತೆ ತುಂಬುತ್ತಾರೆ. (ನಮ್ಮ ಕಾಡುಗಳಲ್ಲಿ ಮೈಗೆ ತಾಗಿದರೆ ಸಾಕು ತುರಿಸಿ ತುರಿಸಿ ಸಾಕಾಗುವ ನಸುಗುನ್ನಿ ಇದೆಯಲ್ಲ, ಅದರ ಬೀಜದಲ್ಲಿ ಎಲ್-ಡೋಪಾ ಇದೆ.) ಡೋಪಮೈನ್ ರಿಸೆಪ್ಟರ್‌ಗಳನ್ನು ನೇರವಾಗಿ ಎಬ್ಬಿಸುವ ಮಾತ್ರೆಗಳೂ ಇವೆ. ಅವುಗಳನ್ನು ತೆಗೆದುಕೊಳ್ಳುತ್ತಿದ್ದ 11 ರೋಗಿಗಳಿಗೆ ಜೂಜಿನ ಹುಚ್ಚು ಹಿಡಿದದ್ದನ್ನು ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು 2005ರಲ್ಲಿ ವರದಿ ಮಾಡಿದರು. ಮಾತ್ರೆ ನಿಲ್ಲಿಸಿದಾಗ ಅಥವಾ ತಗ್ಗಿಸಿದಾಗ ಚಟ ಇಳಿದವರೂ ಅವರಲ್ಲಿದ್ದರು. ಸೋತಾಗ ಡೋಪಮೈನ್ ಕುಸಿಯಬೇಕು, ಆ ಕುಸಿತದಿಂದಲೇ ಮೆದುಳು ಬೇಡ ಅನ್ನುವುದನ್ನು ಕಲಿಯುವುದು. ರಿಸೆಪ್ಟರ್ ಸದಾ ಎಚ್ಚರವಿದ್ದರೆ ಆ ಕುಸಿತ ಕಾಣಿಸುವುದೇ ಇಲ್ಲ. ಅಪ್ಪನಿಗೋ ಅಜ್ಜನಿಗೋ ಇಂಥ ಮಾತ್ರೆ ಇದ್ದು ಹೊಸದಾಗಿ ಜೂಜು, ವಿಪರೀತ ಖರ್ಚು ಶುರುವಾದರೆ ಬೈಯುವ ಮೊದಲು ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಲು ಹೋಗಬೇಡಿ.

ಇದೇ ವ್ಯವಸ್ಥೆ ಒಳ್ಳೆಯದನ್ನೂ ಮಾಡುತ್ತದೆ ಅನ್ನುವುದನ್ನು ಮರೆಯುವುದು ಬೇಡ. 2006ರಲ್ಲಿ ಅಮೆರಿಕದಲ್ಲಿ ಜನರಿಗೆ ಚಿತ್ರಗಳನ್ನು ತೋರಿಸಿ, ಇದನ್ನು ನೆನಪಿಟ್ಟುಕೊಂಡರೆ 5 ಡಾಲರ್, ಅದಕ್ಕೆ 10 ಸೆಂಟ್ ಅಂದರು. ಮರುದಿನ 5 ಡಾಲರಿನ ಚಿತ್ರಗಳು ಜಾಸ್ತಿ ನೆನಪಿದ್ದವು. ಚಿತ್ರ ಬರುವ ಮೊದಲೇ ನಡುಮೆದುಳೂ ನೆನಪಿನ ಭಾಗವೂ ಜೊತೆಯಾಗಿ ಎಚ್ಚರಗೊಂಡಿದ್ದವು. ದುಡ್ಡೇ ಬೇಕೆಂದಿಲ್ಲ, ಉತ್ತರ ತಿಳಿಯಬೇಕೆಂಬ ಕುತೂಹಲವೂ ಇದೇ ಕೆಲಸ ಮಾಡುತ್ತದೆ ಅಂತ ನಂತರದ ಪ್ರಯೋಗಗಳು ತೋರಿಸಿವೆ.

ಬಿಟ್ಟ ಮೇಲೆ ಬೆಳೆಯುವ ಆಸೆ

ಡಿಟಾಕ್ಸ್ ಲೆಕ್ಕ ಸರಿಯಾಗಿದ್ದರೆ ಚಟ ಬಿಟ್ಟು ದಿನ ಕಳೆದಷ್ಟೂ ಆಸೆ ಇಳಿಯಬೇಕು. 2001ರಲ್ಲಿ ಯಾವಿನ್ ಶಹಾಮ್ ಮತ್ತು ಜೊತೆಗಾರರು ಇಲಿಗಳಲ್ಲಿ ನೋಡಿದ್ದು ಉಲ್ಟಾ. ಕೊಕೇನ್ ಬಿಡಿಸಿದ ಮರುದಿನಕ್ಕಿಂತ ವಾರಗಳ ನಂತರ, ಹಳೆಯ ದೀಪ, ಹಳೆಯ ಶಬ್ದ ಎದುರಾದಾಗ ಇಲಿಗಳು ಸನ್ನೆಕೋಲು ಒತ್ತುವುದು ಜಾಸ್ತಿಯಾಯಿತು. ಬಿಟ್ಟ ಮೇಲೆ ಗುರುತು ಏರುವ ಮೇಜ್ ಅವರ ಕೋಶಗಳು ನೆನಪಾಗುತ್ತವೆಯೇ? ಅಲ್ಲಿಗೆ ಕೊಂಡಿ ಕೂಡುತ್ತದೆ. ಮೂರು ತಿಂಗಳು ಕುಡಿಯದೆ ಇದ್ದವನು ಒಂದು ಮದುವೆ ಮನೆಯಲ್ಲಿ ಜಾರಿದರೆ “ಮನಸ್ಸು ಗಟ್ಟಿ ಇಲ್ಲ” ಅನ್ನುತ್ತೇವೆ. ಮನಸ್ಸಿನ ಮಾತು ಆಮೇಲಿನದು, ಮೊದಲು ಆ ಗ್ಲಾಸು, ಆ ಗೆಳೆಯರು, ಆ ಗದ್ದಲವನ್ನು ನೋಡಬೇಕು.

ಜಾಗದ ಶಕ್ತಿ ಎಷ್ಟಿದೆ ಅನ್ನುವುದಕ್ಕೆ ಮನುಷ್ಯರದೇ ಉದಾಹರಣೆ ವಿಯೆಟ್ನಾಂ ಯುದ್ಧದ್ದು. ಅಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಸುಮಾರು ಐದನೇ ಒಂದು ಭಾಗ ಹೆರಾಯಿನ್‌ನಂಥ ಮಾದಕಗಳ ಚಟಕ್ಕೆ ಬಿದ್ದಿದ್ದರು. ಊರಿಗೆ ಬಂದ ಮೇಲೆ ಏನು ಗತಿ ಅಂತ ಸರ್ಕಾರ ಕಂಗಾಲಾಗಿತ್ತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಮರಳಿ ಬಂದ ಸೈನಿಕರನ್ನು ಹುಡುಕಿ ವಿಚಾರಿಸಿದರು. ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಹೆರಾಯಿನ್ ಅಮೆರಿಕದಲ್ಲಿ ಸಿಗುತ್ತಿರಲಿಲ್ಲ ಅಂತಲ್ಲ. ಆದರೆ ಆ ಬ್ಯಾರಕ್ಕು, ಆ ಭಯ, ಆ ಬೇಸರ ಸಾವಿರಾರು ಮೈಲಿ ದೂರ ಉಳಿದಿತ್ತು.

ಫೋನ್ ಚಟಕ್ಕೆ ಈ ಭಾಗ್ಯವಿಲ್ಲ. ಬ್ಯಾಂಕ್, ಬಸ್ ಟಿಕೆಟ್, ಆಫೀಸು, ಮಗಳ ಶಾಲೆಯ ಮೆಸೇಜು, ಎಲ್ಲ ಇರುವುದು ಅದೇ ಪರದೆಯಲ್ಲಿ. ಡಿಟಾಕ್ಸ್ ಮುಗಿಸಿ ಸೋಮವಾರ ಮರಳುವುದೂ ಅದೇ ಜಾಗಕ್ಕೆ.

ನೆನಪನ್ನೇ ಸಡಿಲಿಸುವ ಪ್ರಯತ್ನಗಳೂ ನಡೆದಿವೆ. ಒಮ್ಮೆ ಗಟ್ಟಿಯಾದ ನೆನಪು ಮತ್ತೆ ಎದ್ದಾಗ ಕೆಲವು ಗಂಟೆ ಮೆತ್ತಗಿರುತ್ತದೆ, ಆಗ ಪ್ರೋಟೀನ್ ತಯಾರಿ ತಡೆದರೆ ಅದು ಕುಗ್ಗುತ್ತದೆ ಅಂತ ಕರೀಮ್ ನಾದರ್ ಮತ್ತು ಜೋಸೆಫ್ ಲೆಡೂ 2000ದಲ್ಲಿ ಇಲಿಗಳಲ್ಲಿ ತೋರಿಸಿದ್ದರು. 2012ರಲ್ಲಿ ಚೀನಾದ ವೈದ್ಯರು ಹೆರಾಯಿನ್ ಬಿಟ್ಟವರಿಗೆ ಮೊದಲು ಹೆರಾಯಿನ್‌ನ ಚಿಕ್ಕ ವಿಡಿಯೋ ತೋರಿಸಿ ನೆನಪನ್ನು ಎಬ್ಬಿಸಿದರು. ಹತ್ತು ನಿಮಿಷ ಬಿಟ್ಟು ಅದೇ ದೃಶ್ಯಗಳನ್ನು ಮತ್ತೆ ಮತ್ತೆ ತೋರಿಸಿದರು, ಮಾದಕ ಮಾತ್ರ ಇಲ್ಲ. 180 ದಿನಗಳ ನಂತರವೂ ಅವರ ಆಸೆ ತಗ್ಗಿದ್ದೇ ಇತ್ತು. ಎರಡರ ನಡುವೆ ಆರು ಗಂಟೆ ಬಿಟ್ಟವರಿಗೆ ಆ ಲಾಭ ಸಿಗಲಿಲ್ಲ. ಆಸೆ ಹುಟ್ಟಿಸುವಂಥ ಫಲಿತಾಂಶ. ಆದರೆ ಇದರ ಹೆಸರಲ್ಲಿ ಯಾರಾದರೂ ಪ್ಯಾಕೇಜ್ ಮಾರಿದರೆ ಹತ್ತಿರ ಹೋಗಬೇಡಿ.

2025ರ ಕಾಯ್ದೆಯನ್ನು ಈ ಕಣ್ಣಿನಿಂದ ನೋಡಿದರೆ ಅದರ ಒಂದು ಭಾಗ ಗಟ್ಟಿಯಾಗಿ ಕಾಣುತ್ತದೆ. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತಿಗೂ ಬ್ಯಾಂಕ್ ಪಾವತಿಗೂ ತಡೆ. ಆಡುವವರಿಗೆ ಶಿಕ್ಷೆ ಇಲ್ಲ. ಜಾಹೀರಾತು ಅಂದರೆ ಕೋತಿಯ ಆ ದೀಪವೇ ತಾನೆ. ಕ್ರಿಕೆಟ್ ನಡುವೆ ಅದು ಓವರಿಗೊಮ್ಮೆ ಹತ್ತುವುದು ನಿಂತರೆ ಹೊಸಬರು ಕಲಿಯುವುದು ಖಂಡಿತ ಕಡಿಮೆಯಾಗುತ್ತದೆ. ಈಗಾಗಲೇ ಕಲಿತವರಿಗೆ ಅಷ್ಟು ಸಾಲದು. ಆ್ಯಪ್ ಮುಚ್ಚಿದರೂ ಕೋಶದೊಳಗಿನ ಗುರುತು ಮುಚ್ಚುವುದಿಲ್ಲ, ಅದು ವಿದೇಶಿ ಸೈಟನ್ನೋ ಊರಿನ ಬುಕ್ಕಿಯನ್ನೋ ಹುಡುಕಿಕೊಳ್ಳುತ್ತದೆ.

ಅವರಿಗೆ ಬೇಕಾದದ್ದು ತಿಂಗಳುಗಟ್ಟಲೆ ಜೊತೆಗಿರುವ ಚಿಕಿತ್ಸೆ: ಯಾವ ಹೊತ್ತು, ಯಾವ ಜಾಗ, ಯಾರ ಫೋನ್ ಬಂದರೆ ಕೈ ಅತ್ತ ಹೋಗುತ್ತದೆ ಅಂತ ಗುರುತಿಸುವುದು, ಆ ಹೊತ್ತಿಗೆ ಬೇರೆ ದಾರಿ ಕಲಿಸುವುದು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಚಟಕ್ಕೆಂದು ‘ಶಟ್’ ಕ್ಲಿನಿಕ್ ತೆರೆದಿದೆ. ಆದರೆ ಸಾಲ ಮಾಡಿ ಆಡಿದವನು ಯಾದಗಿರಿಯಲ್ಲೋ ಹಾವೇರಿಯಲ್ಲೋ ಇರುತ್ತಾನೆ. ಅವನಿಗೆ ಹತ್ತಿರವಿರುವುದು ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶದಲ್ಲಿ 1996ರಲ್ಲಿ ಶುರುವಾದದ್ದರ ಮಾದರಿ ನಮ್ಮ ಬಳ್ಳಾರಿಯದೇ. 80ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗದಿಂದ ಹುಟ್ಟಿದ್ದು. ಹಣದ ಆಟಗಳಿಂದ ಹೊರಬರುವವರಿಗೆ ಆ ಜಿಲ್ಲಾ ತಂಡಗಳಲ್ಲಿ ಒಂದು ಕುರ್ಚಿ, ತರಬೇತಿ ಇರುವ ಒಬ್ಬ ಆಪ್ತಸಮಾಲೋಚಕ, ಮತ್ತು ಎರಡು ದಿನದ ಬದಲು ಕನಿಷ್ಠ ಆರು ತಿಂಗಳ ಫಾಲೋಅಪ್ ಇರಬೇಕು ಅಂತ ಕಾಯ್ದೆಯ ನಿಯಮಗಳಲ್ಲೇ ಬರೆಯಬಹುದು. ಅದಕ್ಕೆ ಹೊಸ ವಿಜ್ಞಾನ ಬೇಕಿಲ್ಲ, ಬಜೆಟ್‌ನಲ್ಲಿ ಒಂದು ಸಾಲು ಬೇಕು.